ಬಲಕ್ಕೆ ಹೊರಳಿದರೆ ತಲೆಸುತ್ತು

ಕತ್ತು ಹಿಡಿದು ಹೊರಗೆ ದಬ್ಬುವವರು ಊರ ತುಂಬ ಇದ್ದಾರೆ. ಕತ್ತು ಹಿಡಿದು ಒಳಗೆ ಕೂರಿಸಿಕೊಂಡು ಅನ್ನ ತಿಂದವಳು ನಾನು. ಪೀಣ್ಯದ ಒಂದು ದೊಡ್ಡ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಇಪ್ಪತ್ತೆಂಟು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದೆ. ತಲೆನೋವು, ತಲೆಸುತ್ತು, ಕತ್ತಿನ ಉಳುಕು ಎಂದು ಬಂದವರೆಲ್ಲ ನನ್ನ ಪಾಲು.

ಈಚೆಗೆ ನನ್ನ ತಂಗಿಯ ಮೊಮ್ಮಗಳು ಇದೇ ಓದು ಮುಗಿಸಿ ಕೆಲಸಕ್ಕೆ ಸೇರಿದಳು. "ದೊಡ್ಡಜ್ಜಿ, ನಿಮ್ಮ ಕಾಲದಲ್ಲಿ ಮಷೀನೇ ಇರ್ಲಿಲ್ವಲ್ಲ, ಮತ್ತೆ ದಿನವೆಲ್ಲಾ ಏನ್ ಮಾಡ್ತಿದ್ರಿ?" ಎಂದು ಕೇಳಿದಳು. ಕೇಳಿದ್ದು ತಮಾಷೆಗೆ. ಆದರೆ ಅವತ್ತೆಲ್ಲ ನನಗೆ ಬೇರೆ ಯೋಚನೆಯೇ ಬರಲಿಲ್ಲ. ನನಗೆ ಬಡ್ತಿ ಯಾವಾಗ ಬಂತು, ಯಾರು ಹಾರ ಹಾಕಿದರು, ಒಂದೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಕತ್ತುಗಳು. ಕಣ್ಣು ಕಟ್ಟಿ ಬಿಟ್ಟರೆ ಕೈಯಲ್ಲೇ ಮುಟ್ಟಿ, ಇದು ಲೇತ್ ರಂಗಪ್ಪನದು, ಇದು ಪೇಂಟ್ ಶಾಪಿನ ಅಂತೋಣಿಯದು ಎಂದು ಹೇಳುತ್ತಿದ್ದೆ. ಈಗ ಟೀವಿ ನೋಡುತ್ತ ಕೂತಾಗಲೂ ಬೆರಳುಗಳು ತಮ್ಮಷ್ಟಕ್ಕೆ ತಾವೇ ಏನನ್ನೋ ಹುಡುಕುತ್ತವೆ. ಆ ಕೆಲಸ ನನಗೆ ಅಷ್ಟು ಬೇಕಾಗಿತ್ತು.

ನಾನು ಸೇರಿದ್ದು ಎಪ್ಪತ್ತರ ದಶಕದಲ್ಲಿ. ಪೀಣ್ಯದಲ್ಲಿ ಆಗ ಶೆಡ್ಡುಗಳ ನಡುವೆ ಇನ್ನೂ ರಾಗಿ ಹೊಲಗಳಿದ್ದವು. ಯಶವಂತಪುರ ದಾಟಿದರೆ ಬಸ್ಸಿನೊಳಗೆ ಕೆಂಪು ದೂಳು. ನನ್ನ ಕೋಣೆ ಡಿಸ್ಪೆನ್ಸರಿಯ ಹಿಂಬದಿಗಿತ್ತು. ಒಂದು ಮಂಚ, ಒಂದು ಸ್ಟೂಲು, ಶಾಖ ಕೊಡುವ ಒಂದು ದೀಪ. ಕತ್ತನ್ನು ಮೇಲಕ್ಕೆ ಎಳೆದು ಹಿಡಿಯುವ ಟ್ರಾಕ್ಷನ್ ಬೇಕೆಂದು ಬರೆದುಕೊಟ್ಟೆ. ಆರು ತಿಂಗಳು ಕಳೆದರೂ ಉತ್ತರವಿಲ್ಲ. ಕೊನೆಗೆ ಫ್ಯಾಬ್ರಿಕೇಶನ್ನಿನವರೇ ಊಟದ ಬಿಡುವಿನಲ್ಲಿ ಕಬ್ಬಿಣದ ಚೌಕಟ್ಟು ಬೆಸೆದು ಕೊಟ್ಟರು. ರಾಟೆ ಹಳೆಯ ಮಷೀನಿನದು. ತೂಕದ ಬಿಲ್ಲೆಗಳನ್ನು ಲೇತಿನವರು ಉಳಿದ ಕಬ್ಬಿಣದಲ್ಲಿ ತಿರುವಿ, ನಂಬರು ಹೊಡೆದು, ಪಾಲಿಶ್ ಮಾಡಿ ತಂದರು. ಗದ್ದಕ್ಕೆ ಕಟ್ಟುವ ಪಟ್ಟಿಯನ್ನು ನಾನೇ ಕ್ಯಾನ್ವಾಸಿನಲ್ಲಿ ಹೊಲಿದೆ. ಅದಕ್ಕೆ ಕಾರ್ಮಿಕರು ಇಟ್ಟ ಹೆಸರು ನೇಣುಗಂಬ.

"ಎಲ್ಲಿಗೋ ಮಗಾ ಹೊರಟೆ?"

"ನೇಣಿಗೆ ಕಣೋ. ಸರೋಜಮ್ಮ ಕರೆದವ್ರೆ."

ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಒಬ್ಬ ಕ್ಷೌರಿಕನಿದ್ದ. ಅವನೇ ನನ್ನ ಪ್ರತಿಸ್ಪರ್ಧಿ. ಕ್ಷೌರ ಮುಗಿಸಿ, ತಲೆಗೆ ಎರಡೇಟು ತಟ್ಟಿ, ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ಕೆಂದು ತಿರುವಿ ನೆಟಿಕೆ ತೆಗೆಯುತ್ತಿದ್ದ. ಸದ್ದು ಬಂದರೆ ರೋಗ ಹೋಯಿತು ಎಂಬ ಲೆಕ್ಕ. ನಾನು ಹತ್ತು ನಿಮಿಷ ನೀವಿ, ಒತ್ತಿ, ಸಡಿಲ ಮಾಡಿ ಕಳಿಸಿದರೆ, "ಸದ್ದೇ ಬರ್ಲಿಲ್ವಲ್ಲಮ್ಮ, ಸರಿಯಾಗಿ ಮಾಡಿದ್ರಾ?" ಎಂದು ಅನುಮಾನದಿಂದ ನೋಡುತ್ತಿದ್ದರು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನನಗಾಗ ಇಪ್ಪತ್ತನಾಲ್ಕು ವರ್ಷ. ಬರುವವರು ಹೆಚ್ಚಾಗಿ ಗಂಡಸರು. ಕತ್ತು ಹಿಡಿಯಬೇಕಾದರೆ ಮುಖಕ್ಕೆ ಮುಖ ಒಂದು ಗೇಣು ದೂರವೂ ಇರುವುದಿಲ್ಲ. ಅವರಿಗೂ ಸಂಕೋಚ, ನನಗೂ ಸಂಕೋಚ. ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಮಂಚದ ಮೇಲೆ ಮಲಗಿದ ಕೂಡಲೇ, "ಕಣ್ಣು ಮುಚ್ಚಿಕೊಳ್ಳಿ" ಎನ್ನುತ್ತಿದ್ದೆ. ಅವರು ದೇವರ ಮುಂದೆ ನಿಂತವರ ಹಾಗೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಇಬ್ಬರಿಗೂ ನಿರಾಳ. ಆ ಮರ್ಯಾದೆಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಕಾಲೇಜಿನಲ್ಲಿ ಕಲಿತದ್ದು ಸಾಲದೆ ನಾನು ಹೋದದ್ದು ವೈಟ್‌ಫೀಲ್ಡಿಗೆ. ಅಲ್ಲಿ ಆಂಗ್ಲೋ ಇಂಡಿಯನ್ನರ ಹೆಂಚಿನ ಮನೆಗಳ ಸಾಲಿನಲ್ಲಿ ವಿಲ್ಮಟ್ ಸಾಹೇಬರೆಂಬ ಮುದುಕರಿದ್ದರು. ಹೊರದೇಶದಲ್ಲಿ ಕೈರೋಪ್ರಾಕ್ಟಿಕ್ ಕಲಿತು, ಬೆನ್ನು ಕತ್ತುಗಳನ್ನು ಬರಿಗೈಯಲ್ಲೇ ಸರಿ ಮಾಡುತ್ತಿದ್ದವರು. ನಮ್ಮ ಮೆಡಿಕಲ್ ಆಫೀಸರ್ ಡಾಕ್ಟರ್ ವೆಂಕಟಾಚಲ ಈ ಸಾಹೇಬರನ್ನು "ನಿನ್ನ ಇಂಗ್ಲಿಷ್ ಕ್ಷೌರಿಕ" ಎಂದು ಹಂಗಿಸುತ್ತಿದ್ದರು. ನಾನು ಮಾತ್ರ ತಿಂಗಳಿಗೆ ಎರಡು ಭಾನುವಾರ ಬಸ್ಸು ಹಿಡಿದು, ರೈಲು ಹಿಡಿದು, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಸಾಹೇಬರ ಕೈ ದಪ್ಪ, ಮುಟ್ಟಿದರೆ ಹತ್ತಿ. ನನಗೆ ಮೊದಲ ಮೂರು ತಿಂಗಳು ಕತ್ತು ತಿರುವಲು ಬಿಡಲೇ ಇಲ್ಲ.

"ನೋ ಹರ್ರಿ, ಸರೋಜಾ. ಫಸ್ಟು ನೋಡು. ಅವನು ಹೇಳೋದು ಬೇಡ, ಮಾಡಿ ತೋರಿಸ್ಲಿ. ಕೆಲಸ ಮಾಡೋ ಜಾಗಕ್ಕೆ ಹೋಗಿ ನೋಡು" ಎನ್ನುತ್ತಿದ್ದರು.

ಅವರ ಕನ್ನಡ ಅಷ್ಟರಲ್ಲೇ ಇತ್ತು. ಆದರೆ ನನಗೆ ಯಾವ ಪ್ರೊಫೆಸರೂ ಅಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ. ಆ ಭಾನುವಾರಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಒಂದು ವರ್ಷ ಮುಗಿಯುವಷ್ಟರಲ್ಲಿ ಸಾಹೇಬರು ಮಗಳ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟುಹೋದರು.

ಅವರ ಮಾತು ಕೇಳಿ ಗೆದ್ದದ್ದೂ ಉಂಟು. ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಹೆಣ್ಣುಮಕ್ಕಳು ಸಣ್ಣ ಸಣ್ಣ ಭಾಗಗಳನ್ನು ಮಸೂರದಲ್ಲಿ ನೋಡಿ ಪಾಸು ಮಾಡುತ್ತಿದ್ದರು. ಹನ್ನೊಂದು ಜನಕ್ಕೂ ತಲೆನೋವು. ಗುಂಪು ಕಟ್ಟಿಕೊಂಡು ನಾಟಕ ಆಡುತ್ತಿದ್ದಾರೆ ಎಂದು ಫೋರ್ಮನ್ ಹೇಳಿದ. ನಾನು ಹೋಗಿ ಅವರ ಪಕ್ಕದಲ್ಲಿ ಒಂದು ಗಂಟೆ ಕೂತೆ. ನನಗೂ ತಲೆನೋವು ಬಂತು! ಮೇಜು ಗಿಡ್ಡವಾಗಿತ್ತು, ಎಲ್ಲರೂ ಮಾವಿನಕಾಯಿ ಹೆಚ್ಚುವವರಂತೆ ಬಗ್ಗಿ ಕೂತಿದ್ದರು. ಮೇಜಿನ ಕಾಲಿಗೆ ಎರಡೆರಡು ಇಟ್ಟಿಗೆ ಕೊಡಿಸಿದೆ. ಹದಿನೈದು ದಿನದಲ್ಲಿ ಹನ್ನೊಂದು ತಲೆನೋವು ಹೋಗಿ ಎರಡಕ್ಕೆ ಇಳಿಯಿತು. ಡಾಕ್ಟರ್ ವೆಂಕಟಾಚಲ, "ಇದು ಮೆಡಿಸಿನ್ ಅಲ್ಲಮ್ಮ, ಗಾರೆ ಕೆಲಸ" ಎಂದರು. ಆದರೂ ಅವತ್ತು ನನಗೆ ತಮ್ಮ ಫ್ಲಾಸ್ಕಿನ ಕಾಫಿ ಕೊಟ್ಟರು.

ಸೋತದ್ದೂ ಉಂಟು. ಸ್ಟೋರ್ಸಿನ ಗುಮಾಸ್ತರೊಬ್ಬರಿಗೆ ಶನಿವಾರ ಶನಿವಾರ ತಲೆನೋವು. ಮೂರು ತಿಂಗಳು ನೇಣುಗಂಬಕ್ಕೆ ಹಾಕಿದೆ, ನೀವಿದೆ, ದಿಂಬು ಬದಲಿಸಿದೆ. ಒಂದು ದಿನ ಅವರ ಹೆಂಡತಿ ಡಿಸ್ಪೆನ್ಸರಿಗೆ ಬಂದಾಗ ಗೊತ್ತಾಯಿತು, ಶನಿವಾರ ಅವರದು ಉಪವಾಸ, ದಿನಕ್ಕೆ ಆರು ಲೋಟ ಕಾಫಿ ಕುಡಿಯುವ ಮನುಷ್ಯ ಅವತ್ತು ಒಂದು ತೊಟ್ಟೂ ಮುಟ್ಟುವುದಿಲ್ಲ. "ಕಾಫಿ ಹಾಲಿನದಲ್ವೇ, ಉಪವಾಸಕ್ಕೆ ನಡೆಯುತ್ತೆ ಬಿಡಿ" ಎಂದು ನಾನೇ ಶಾಸ್ತ್ರ ಹೇಳಿ ಕಳಿಸಿದೆ. ಅಲ್ಲಿಗೆ ಅವರ ಕತ್ತು ನೆಟ್ಟಗಾಯಿತು. ಇಂಥ ಪೆಚ್ಚುತನಗಳನ್ನು ನೆನೆದು ನಗಬಹುದು. ನಗಲಾಗದ್ದು ಒಂದಿದೆ. ಹೊಸಬರು ಓದಬೇಕಾದದ್ದು ಅದನ್ನೇ.

ಮುನಿಸ್ವಾಮಪ್ಪನವರು ಹೆವಿ ಶೆಡ್ಡಿನ ಕ್ರೇನ್ ಆಪರೇಟರ್. ಕಾರ್ಖಾನೆಯ ಹಿಂದಿನ ಊರಿನವರು. ಅವರ ಮನೆತನದ ಹೊಲ ಕಾರ್ಖಾನೆಗೆ ಹೋಗಿ, ಅದಕ್ಕೆ ಬದಲಾಗಿ ಮನೆಗೊಂದು ಕೆಲಸ ಸಿಕ್ಕಿತ್ತು. ನಲವತ್ತೈದರ ಹತ್ತಿರದ ವಯಸ್ಸು, ಪೊದೆ ಮೀಸೆ. ಡಾಕ್ಟರು ನನ್ನ ಹತ್ತಿರ ಕಳಿಸಿದರೆ ಬಾಗಿಲಲ್ಲೇ ನಿಂತರು.

"ಎಣ್ಣೆಂಗ್ಸು ನನ್ ಕತ್ತಿಗೆ ಕೈ ಆಕೋದಾ? ಬ್ಯಾಡ ಬಿಡಿ ಅಮ್ಮಾವ್ರೇ."

"ಮನೇಲಿ ಏನು ಮಾಡಿದ್ರಿ?"

ಮೀಸೆ ನೀವಿಕೊಂಡರು. ಆಮೇಲೆ ಹೊರಬಿತ್ತು. ಅವರ ಅತ್ತಿಗೆ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಕಾಲಿನಿಂದ ಒದ್ದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮೂರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅತ್ತಿಗೆಯಿಂದ ಒದೆಸಿಕೊಂಡು ಬಂದಿದ್ದರು.

"ಅತ್ತಿಗೆ ಕಾಲಾಗುತ್ತೆ, ನನ್ನ ಕೈ ಆಗಲ್ವಾ?" ಎಂದೆ. ಮೀಸೆಯೊಳಗೇ ನಕ್ಕು ಒಳಗೆ ಬಂದರು.

ಅವರ ತೊಂದರೆ ತಲೆಸುತ್ತು. ವಿಲ್ಮಟ್ ಸಾಹೇಬರು ಹೇಳಿದ ಹಾಗೆ, ಮಾಡಿ ತೋರಿಸಿ ಎಂದೆ. ಮಂಚದ ಮೇಲೆ ಮಲಗಿ ತೋರಿಸಿದರು. "ಇಂಗೆ ಎಡಕ್ಕೆ ವಾಲಿದ್ರೆ ಏನೂ ಇಲ್ಲ. ಬಲಕ್ಕೆ ಒರಳಿದ್ರೆ ಸೂರೆಲ್ಲಾ ಗಿರ್ರ್ ಅಂತದೆ. ಇಪ್ಪತ್ತು ಎಣಿಸೋದ್ರೊಳ್ಗೆ ನಿಂತೋಯ್ತದೆ. ಬಗ್ಗಿದ್ರೂ ಅಂಗೇ." ಹೇಳುತ್ತಲೇ ಬಲಕ್ಕೆ ಹೊರಳಿದರು. ಮಂಚದ ಅಂಚನ್ನು ಬಿಗಿಯಾಗಿ ಹಿಡಿದರು, ಹಣೆಯಲ್ಲಿ ಬೆವರು ಒಡೆಯಿತು. ನಾನು ಕತ್ತಿಗೆ ಕೈ ಕೊಟ್ಟು ಬಗ್ಗಿ ನಿಂತು, ಎಂದಿನ ಹಾಗೆ, "ಕಣ್ಣು ಮುಚ್ಚಿಕೊಳ್ಳಿ ಮುನಿಸ್ವಾಮಪ್ಪನವರೇ" ಎಂದೆ. ಪಾಪ, ಮುಚ್ಚಿಕೊಂಡರು. ಇಪ್ಪತ್ತು ಎಣಿಸುವಷ್ಟು ಹೊತ್ತು ಆ ರೋಗ ನನ್ನ ಮುಖದ ಕೆಳಗೇ ಇತ್ತು. ನಾನು ಕತ್ತು ನೋಡುತ್ತಿದ್ದೆ.

ಎಕ್ಸ್‌ರೇ ತೆಗೆಸಿದೆವು. ಕತ್ತಿನ ಮೂಳೆ ಸವೆದಿತ್ತು. ನಲವತ್ತು ದಾಟಿದ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಅಷ್ಟು ಸವೆತ ಇರುತ್ತದೆ ಎಂಬುದು ನನಗೆ ಆಗಲೂ ಗೊತ್ತಿತ್ತು. ಆದರೆ ಕೈಗೆ ಕಾರಣ ಸಿಕ್ಕಮೇಲೆ ಯಾರು ಬಿಡುತ್ತಾರೆ? ನೇಣುಗಂಬ ಶುರುವಾಯಿತು.

ಅವರು ಹೇಗೆ ಕೂತು ಕೆಲಸ ಮಾಡುತ್ತಾರೆಂದು ನೋಡಲು ಒಂದು ಮಧ್ಯಾಹ್ನ ನಾನೂ ಕ್ರೇನ್ ಹತ್ತಿದೆ. ನಾನು ಏಣಿ ಹತ್ತುವಾಗ ಕೆಳಗೆ ಯಾರೂ ಇರಬಾರದೆಂದು ಫೋರ್ಮನ್ ಶೆಡ್ಡಿನವರನ್ನೆಲ್ಲ ಊಟಕ್ಕೆ ಅಟ್ಟಿದ. ಸೀರೆ ಸೊಂಟಕ್ಕೆ ಸಿಕ್ಕಿಸಿ, ಏಣಿಯ ಮೆಟ್ಟಿಲು ಒಂದೊಂದೇ ಹತ್ತಿ ಕ್ಯಾಬಿನ್ ಸೇರುವಷ್ಟರಲ್ಲಿ ನನಗೇ ತಲೆ ಸುತ್ತುತ್ತಿತ್ತು. ಮುನಿಸ್ವಾಮಪ್ಪನವರು ಮಾತ್ರ ಅಲ್ಲಿ ಬೇರೆಯೇ ಮನುಷ್ಯ. ನೆಲದ ಮೇಲೆ ಹತ್ತು ಮಾತಿಗೆ ಒಂದು ಆಡುವವರು ಅಲ್ಲಿ ಬೆರಳು ಚಾಚಿ ಚಾಚಿ ತೋರಿಸಿದರು.

"ಅಗೋ, ಆ ದೊಡ್ ಪ್ರೆಸ್ ಐತಲ್ಲ, ಅದು ನಮ್ ಕಣ. ರಾಗಿ ಬಡೀತಿದ್ದ ಜಾಗ. ಈ ಕಡೆ ಗ್ರೈಂಡಿಂಗು, ಅಲ್ಲಿ ನಮ್ಮಪ್ಪ ಅವರೆ ಆಕ್ತಿದ್ದ. ಬಾವಿ ಮುಚ್ಚಿ ಮ್ಯಾಗೆ ಗಾರೆ ಎಳೆದವ್ರೆ, ಅಕಾ, ಆ ಬಿರುಕು ಐತಲ್ಲ, ಅದೇ."

"ನೆಲದ ಮೇಲೆ ನಿಂತರೆ ಗೊತ್ತಾಗಲ್ವಾ?"

"ಕೆಳಗೆ ನಿಂತ್ರೆ ಬರೀ ಕಬ್ಬಿಣ ಕಣಮ್ಮ. ಮ್ಯಾಲೆ ಕುಂತ್ರೆ ಒಲ ಒಲದಂಗೇ ಕಾಣ್ತದೆ."

ದಿನಕ್ಕೆ ಎಂಟು ಗಂಟೆ ಆ ಮನುಷ್ಯ ತಮ್ಮ ಹೊಲದ ಮೇಲೆಯೇ ಓಡಾಡುತ್ತಿದ್ದರು. ಆ ಕ್ಯಾಬಿನ್ ಅವರಿಗೆ ಎಷ್ಟು ಮುಖ್ಯ ಎಂದು ನನಗೆ ಅವತ್ತೇ ತಿಳಿದಿತ್ತು. ತಿಳಿದಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮೂರು ವಾರಕ್ಕೆ ತಲೆಸುತ್ತು ನಿಂತಿತು. ಶೆಡ್ಡಿಗೆ ಶೆಡ್ಡೇ ನನ್ನ ಹೊಗಳಿತು. ಅವರ ಮನೆಯಿಂದ ಅವರೇಕಾಯಿ ಬಂತು. ಈ ತಲೆಸುತ್ತು ಎಷ್ಟೋ ಸಲ ತಾನಾಗಿಯೇ ನಿಲ್ಲುತ್ತದೆ, ಮತ್ತೆ ಯಾವಾಗಲೋ ಬರುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ನಾನೇ ಮುರಿದೆನೆಂದು ಬೀಗಿದೆ.

ಎಂಟು ತಿಂಗಳ ನಂತರ ಮತ್ತೆ ಬಂತು, ಕ್ಯಾಬಿನ್ನಿನಲ್ಲೇ. ಕೆಳಗೆ ನೋಡಲು ಬಗ್ಗಿದಾಗ ತಲೆ ಸುತ್ತಿ ಅವರು ಲಿವರ್ ಬಿಡಲಿಲ್ಲ, ಕಣ್ಣಿಗೆ ಕತ್ತಲೆ ಕವಿದು ಹಾಗೇ ಹಿಡಿದುಕೊಂಡರು, ಕ್ರೇನು ಓಡುತ್ತಲೇ ಇತ್ತು. ತೂಗುತ್ತಿದ್ದ ಕಬ್ಬಿಣದ ಅಚ್ಚು ಕಂಬಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಇಬ್ಬರು ಹೆಲ್ಪರುಗಳು ಎರಡು ಮಾರು ದೂರದಲ್ಲಿ ನಿಂತಿದ್ದರು.

ಕ್ರೇನು ಹತ್ತಲು ಬಿಡದೆ ಮತ್ತೆ ನೇಣುಗಂಬ. ಈ ಸಲ ಆರು ವಾರವಾದರೂ ಕಡಿಮೆಯಾಗಲಿಲ್ಲ. ಕೇಳೋಣವೆಂದರೆ ವಿಲ್ಮಟ್ ಸಾಹೇಬರಿಲ್ಲ. ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಒಂದು ಬೆಳಿಗ್ಗೆ ಡಾಕ್ಟರ್ ವೆಂಕಟಾಚಲ ನನ್ನ ಮುಂದೆ ಒಂದು ಫಾರಂ ಇಟ್ಟರು. ಎತ್ತರದ ಕೆಲಸಕ್ಕೆ ಅನರ್ಹ ಎಂದು ಅಚ್ಚಾಗಿತ್ತು. ಅದರ ಮುಂದೆ ತಾತ್ಕಾಲಿಕ, ಶಾಶ್ವತ ಎಂದು ಎರಡು ಪದ. ಬೇಡದ್ದನ್ನು ಹೊಡೆದುಹಾಕಬೇಕು.

"ಚಿಕಿತ್ಸೆ ಕೊಟ್ಟಿದ್ದು ನೀನು, ನೀನೇ ಹೇಳು. ಮಧ್ಯದಲ್ಲಿ ನಿಲ್ಲಬೇಡ" ಎಂದರು. ಅವರದು ಕೆಟ್ಟ ಮನಸ್ಸಲ್ಲ. ಆ ಇಬ್ಬರು ಹೆಲ್ಪರುಗಳ ಯೋಚನೆ ಅವರಿಗಿತ್ತು, ನನಗೂ ಇತ್ತು.

ಅಷ್ಟರಲ್ಲಿ ಮುನಿಸ್ವಾಮಪ್ಪನವರು ನನ್ನ ಕೋಣೆಗೆ ಬಂದರು. ಯಾರೋ ಹೇಳಿದ್ದರು. ಸ್ಟೂಲಿನ ಮೇಲೆ ಕೂರಲಿಲ್ಲ.

"ಇನ್ನೊಂದ್ ದಪ ಆಕಿ ಅಮ್ಮಾವ್ರೇ ನೇಣಿಗೆ. ತೂಕ ಜಾಸ್ತಿ ಆಕಿ, ನಾನ್ ತಡ್ಕತೀನಿ. ಇನ್ನೂ ಎರಡ್ ತಿಂಗ್ಳು ಕೆಳ್ಗೆ ಇರು ಅಂದ್ರೆ ಇರ್ತೀನಿ. ಪೂರ್ತಿ ಇಳಿಸ್ಬ್ಯಾಡಿ."

"ನೋಡೋಣ" ಎಂದೆ.

ಅವರು ಹೋದಮೇಲೆ ಪೆನ್ನು ತೆಗೆದು 'ತಾತ್ಕಾಲಿಕ' ಎಂಬ ಪದದ ಮೇಲೆ ಗೆರೆ ಎಳೆದೆ. ಅವರನ್ನು ಇಳಿಸಿದ್ದು ತಪ್ಪಲ್ಲ. ಅದನ್ನು ಇವತ್ತೂ ಹೇಳುತ್ತೇನೆ, ನಾಳೆ ನೀವಾದರೂ ಇಳಿಸಲೇಬೇಕು. ತಪ್ಪು ಆ ಗೆರೆ. ಗೊತ್ತಿಲ್ಲ ಎಂದು ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ, ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಹೋದ ಸಲ ವಾಸಿ ಮಾಡಿದವಳು ಎಂದು ಹೊಗಳಿಸಿಕೊಂಡಿದ್ದೆನಲ್ಲ. ನನ್ನ ಕೈಯಲ್ಲಿ ಆಗದ್ದು ಯಾರ ಕೈಯಲ್ಲೂ ಆಗದು ಎಂದು ಒಪ್ಪಿಸಿಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು.

ಅವರಿಗೆ ಪ್ಯಾಕಿಂಗಿನಲ್ಲಿ ಕೆಲಸ ಕೊಟ್ಟರು. ಮೊಳೆ ಹೊಡೆದ ಪೆಟ್ಟಿಗೆಗಳ ಮೇಲೆ ಊರಿನ ಹೆಸರು ಬರೆಯುವುದು. ಸಂಬಳ ಕಡಿಮೆ ಮಾಡಲಿಲ್ಲ. ನನ್ನ ಮೇಲೆ ಒಂದು ದಿನವೂ ಕೋಪ ತೋರಿಸಲಿಲ್ಲ. ದಾರಿಯಲ್ಲಿ ಸಿಕ್ಕರೆ, "ಚೆಂದಾಗಿದೀರಾ ಅಮ್ಮಾವ್ರೇ" ಎನ್ನುತ್ತಿದ್ದರು. ಹೆವಿ ಶೆಡ್ಡಿನ ಮುಂದೆ ಮಾತ್ರ ಹಾದುಹೋಗುತ್ತಿರಲಿಲ್ಲ, ಕ್ಯಾಂಟೀನಿಗೆ ಸುತ್ತು ಬಳಸಿ ಹೋಗುತ್ತಿದ್ದರು. ಹನ್ನೆರಡು ವರ್ಷ ಹಾಗೇ ಬಳಸಿ ಹೋಗಿ ನಿವೃತ್ತರಾದರು.

ಅವರು ನಿವೃತ್ತರಾದ ಮಾರನೆಯ ವರ್ಷ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಕಾರ್ಖಾನೆ ವೈದ್ಯರಿಗಾಗಿ ಪೇಟೆಯಲ್ಲಿ ಒಂದು ತರಬೇತಿ ಏರ್ಪಾಡಾಗಿತ್ತು, ನನ್ನನ್ನೂ ಕಳಿಸಿದ್ದರು. ಹೊರದೇಶದಲ್ಲಿ ಕಲಿತು ಬಂದ ಒಬ್ಬ ಹುಡುಗು ಮುಖದ ಕಿವಿ ಡಾಕ್ಟರು ಪಾಠ ಮಾಡಿದರು. ಕಿವಿಯ ಒಳಗೆ ಸುಣ್ಣದ ಪುಡಿಯಂಥ ಸಣ್ಣ ಹರಳುಗಳಿರುತ್ತವೆ, ಅವು ಜಾಗ ತಪ್ಪಿ ಉರುಳಿದರೆ ಮಗ್ಗುಲು ಬದಲಿಸಿದಾಗ ತಲೆ ಸುತ್ತುತ್ತದೆ, ಅದಕ್ಕೂ ಕತ್ತಿಗೂ ಸಂಬಂಧವಿಲ್ಲ ಎಂದರು. ರೋಗಿಯನ್ನು ಮಲಗಿಸಿ, ತಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಂತ ಹಂತವಾಗಿ ತಿರುಗಿಸಿ ಎಬ್ಬಿಸಿದರೆ ಹರಳು ತನ್ನ ಜಾಗಕ್ಕೆ ಹೋಗುತ್ತದಂತೆ. ಐದು ನಿಮಿಷದ ಕೆಲಸ. "ಗುರುತು ಹಿಡಿಯೋದು ಸುಲಭ. ತಲೆ ಸುತ್ತುವಾಗ ರೋಗಿಯ ಕಣ್ಣುಗುಡ್ಡೆ ಕುಣಿಯುತ್ತೆ. ಆದ್ದರಿಂದ ಕಣ್ಣು ಬಿಟ್ಟಿರೋಕೆ ಹೇಳಿ" ಎಂದರು.

ನಾನು ಎದ್ದು ಹೊರಗೆ ಹೋದೆ. ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ಅತ್ತೆ. ಎಷ್ಟು ಜನರ ಕಣ್ಣು ಮುಚ್ಚಿಸಿದೆನೋ ಎಂದು ಲೆಕ್ಕ ಹಾಕಲು ಹೋಗಿ, ಒಬ್ಬರಲ್ಲೇ ನಿಂತುಬಿಟ್ಟೆ.

ಮರುದಿನವೇ ಅವರ ಊರಿಗೆ ಹೋದೆ. ಇವತ್ತು ಗಂಡ ಹೆಂಡತಿ ಇಬ್ಬರೂ ಬದುಕಿಲ್ಲ. ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮುನಿಸ್ವಾಮಪ್ಪನವರು ಜಗುಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಮೀಸೆ ಬೆಳ್ಳಗಾಗಿತ್ತು. ಅವರ ಹೆಂಡತಿ ಲಕ್ಷ್ಮಮ್ಮ, "ಬನ್ನಿ ಬನ್ನಿ, ನಾಲ್ಕ್ ದಿನದಿಂದ ಅದೇ ಸುತ್ತು. ವರ್ಷಕ್ಕೆ ಎರಡ್ ಸಲ ಬತ್ತದೆ. ಬಲಗಡೆ ಮಗ್ಗುಲಾಗಿ ಮಲಗಿದ್ದು ನಾನ್ ನೋಡೇ ಇಲ್ಲ" ಎಂದು ಕಾಫಿ ಕಾಯಿಸಲು ಒಳಗೆ ಹೋದರು.

"ಒಂದು ಸಲ ಮಲಗಿ" ಎಂದೆ. ಯಾಕೆಂದು ಕೇಳದೆ ನಡುಮನೆಯ ಮಂಚಕ್ಕೆ ಬಂದರು. ಮಲಗಿಸಿ, ತಲೆ ಬಲಕ್ಕೆ ತಿರುಗಿಸಿದೆ. ಅಭ್ಯಾಸ ಬಲದಿಂದ ಅವರು ಕಣ್ಣು ಮುಚ್ಚಿಕೊಂಡರು.

"ಬಿಟ್ಟಿರಿ. ನನ್ನನ್ನೇ ನೋಡಿ."

ಬಿಟ್ಟರು. ಎರಡು ಕಣ್ಣುಗುಡ್ಡೆಗಳೂ ಕುಣಿಯುತ್ತಿದ್ದವು. ಒಂದು ಗೇಣು ದೂರದಲ್ಲಿ, ಯಾರಿಗಾದರೂ ಕಾಣುವ ಹಾಗೆ. ಕುಣಿತ ನಿಂತಮೇಲೆ ತಲೆಯನ್ನು ಎಡಕ್ಕೆ ತಂದೆ, ಮೈಯನ್ನು ಎಡಕ್ಕೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡಿದೆ, ಎಬ್ಬಿಸಿ ಕೂರಿಸಿದೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮತ್ತೆ ಮಲಗಿಸಿ ಬಲಕ್ಕೆ ತಿರುಗಿಸಿದೆ. ಅವರು ನನ್ನ ಮುಂಗೈ ಹಿಡಿದು ಸುತ್ತಿಗಾಗಿ ಕಾದರು. ಬರಲಿಲ್ಲ. ಕಣ್ಣು ನಿಶ್ಚಲವಾಗಿತ್ತು.

"ನಿಂತೋಯ್ತಾ?"

"ನಿಂತಿತು."

"ಇಷ್ಟೇನಾ?"

"ಇಷ್ಟೇ."

ಎದ್ದು ಕೂತರು. ಗೋಡೆಯನ್ನೇ ನೋಡುತ್ತ ಕೇಳಿದರು. "ಅವತ್ತೇ ಇದನ್ ಮಾಡಿದ್ರೆ ನಾನ್ ತಿರ್ಗಾ ಹತ್ತಬೌದಿತ್ತಾ ಅಮ್ಮಾವ್ರೇ?"

ಆಗ ಈ ವಿದ್ಯೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ.

"ಹತ್ತಬಹುದಿತ್ತು" ಎಂದೆ.

ಅವರು ತಲೆ ಆಡಿಸಿದರು. ಅಡುಗೆಮನೆಯಲ್ಲಿ ಲೋಟದ ಸದ್ದಾಯಿತು. ಅವರು ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ ಹೇಳಿದರು. "ಅವ್ಳ್‌ಗೆ ಹೇಳ್ಬ್ಯಾಡಿ. ಗ್ರಹಚಾರ ಅಂತ ಅಂದ್ಕೊಂಡು ಸಮಾಧಾನ ಆಗವ್ಳೆ."

ಲಕ್ಷ್ಮಮ್ಮ ಕಾಫಿ ತಂದರು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. "ಏನಂತೆ ಅಮ್ಮಾವ್ರೇ ಇವ್ರಿಗೆ ಆಗಿದ್ದು?" ಎಂದು ಕೇಳಿದರು.

"ಕತ್ತು" ಎಂದೆ.